ಕೆಲಸ ಅವರದ್ದು, ಧೂಳು ನಮ್ಮದು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ಹೆದ್ದಾರಿ ಕೆಲಸ, ಒಳರಸ್ತೆಗಳಲ್ಲಿ ಕುಡಿಯುವ ನೀರಿನ ಪೈಪಿಗೆ ಅಗೆದ ಹೊಂಡ, ಪೇಟೆಗಳಲ್ಲಿ ಗುಡ್ಡ ತಗ್ಗಿಸಿ ಎಬ್ಬಿಸುವ ಮಾಳಿಗೆಗಳು. ನವರಾತ್ರಿ ಕಳೆದು ಮಳೆ ಬಿಟ್ಟರೆ ಮುಂದಿನ ಮಳೆಗಾಲದವರೆಗೆ ಕೆಂಪು ಧೂಳಿನದ್ದೇ ಮಾತು. ಪತ್ರದಲ್ಲಿ, ಫೋನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಜನ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲಿಗೆ

ಇದೆಲ್ಲ ಅಭಿವೃದ್ಧಿ ಕೆಲಸ ಅಲ್ವಾ? ಬರೀ ಧೂಳಿಗೂ ದೂರು ಕೊಡ್ಲಿಕ್ಕೆ ಆಗ್ತದಾ?

ಆಗುತ್ತದೆ. 1981ರ ವಾಯು ಮಾಲಿನ್ಯ ಕಾಯ್ದೆಯ ಪ್ರಕಾರ ಹೊಗೆಯಷ್ಟೇ ಅಲ್ಲ, ಗಾಳಿಯಲ್ಲಿ ಸೇರಿ ತೊಂದರೆ ಕೊಡುವ ಘನ ಕಣವೂ ಮಾಲಿನ್ಯವೇ. 2009ರ ರಾಷ್ಟ್ರೀಯ ಮಾನದಂಡದಲ್ಲಿ 10 ಮೈಕ್ರಾನಿಗಿಂತ ಸಣ್ಣ ಧೂಳು 24 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಮೀರಬಾರದು, 2.5 ಮೈಕ್ರಾನಿನ ನುಣ್ಣನೆ ಧೂಳಿಗೆ ಮಿತಿ 60.

ನಿರ್ಮಾಣದ ಧೂಳಿನ ಬಗ್ಗೆಯೇ ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿದೆ. ಕಲ್ಲು, ಟೈಲ್ಸ್ ಬಯಲಲ್ಲಿ ಕೊಯ್ಯಬಾರದು, ಮಣ್ಣು, ಮರಳನ್ನು ಮುಚ್ಚದೆ ಬಿಡಬಾರದು, ಸಾಮಾನನ್ನು ರಸ್ತೆಬದಿಯಲ್ಲಿ ರಾಶಿ ಹಾಕಬಾರದು, ಲಾರಿಗೆ ಹೊದಿಕೆ ಬೇಕು, ನೀರು ಸಿಂಪಡಿಸಬೇಕು, ಕಟ್ಟಡದ ಎತ್ತರದ ಮೂರರಲ್ಲಿ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರ್, ಗಾಳಿತಡೆ ಕಟ್ಟಬೇಕು. ಈ ಅಧಿಸೂಚನೆ ಬರೆಯುವಾಗ ಮುಖ್ಯವಾಗಿ ಕಣ್ಣಮುಂದಿದ್ದದ್ದು ಧೂಳಿನ ಮಿತಿ ಮೀರಿದ ನಗರಗಳು. ಹಾಗಾಗಿ ಕಾಸರಗೋಡಿನಲ್ಲಿ ಇದನ್ನು ಬೆದರಿಕೆಗೆ ಬಳಸುವುದಕ್ಕಿಂತ ಅಳತೆಗೋಲಾಗಿ ಬಳಸುವುದು ಜಾಣತನ: "ಇಷ್ಟನ್ನಾದರೂ ಮಾಡಿಸಿ" ಎನ್ನಲು ಒಂದು ಪಟ್ಟಿ ಸಿಕ್ಕಿತು. ಕೆಲಸ ನಿಲ್ಲಿಸಿ ಎಂದು ಯಾರೂ ಕೇಳುತ್ತಿಲ್ಲವಲ್ಲ.

ಯಾರಿಗೆ ಕೊಡೋದು ಮಾರಾಯ್ರೆ? ಪಂಚಾಯತಿಗೆ ಹೋದ್ರೆ ನಮ್ಮ ಕೆಲಸ ಅಲ್ಲ ಅಂತಾರೆ.

ಅವರು ಹೇಳುವುದು ಎಷ್ಟೋ ಸಲ ನಿಜವೇ. ಇಲ್ಲಿ ದೂರು ಸೋಲುವುದು ಸತ್ಯ ಕಮ್ಮಿಯಾಗಿ ಅಲ್ಲ, ಮೇಜು ತಪ್ಪಿ. ಬರೆಯುವ ಮೊದಲು ಈ ಕೆಲಸ ಯಾರದ್ದು, ಯಾರ ಹಣದ್ದು ಎಂದು ವಿಚಾರಿಸಿ. ಕೆಲಸದ ಜಾಗದ ಬೋರ್ಡು ನೋಡಿ. ಇಲ್ಲದಿದ್ದರೆ ವಾರ್ಡ್ ಮೆಂಬರನ್ನು ಕೇಳಿ.

ಖಾಸಗಿ ಮನೆ, ಅಂಗಡಿ ಸಂಕೀರ್ಣ, ಫ್ಲ್ಯಾಟ್ ಆದರೆ ಕಟ್ಟಡ ಪರವಾನಗಿ ಕೊಟ್ಟ ಸ್ಥಳೀಯ ಸಂಸ್ಥೆಯೇ ಮೊದಲ ಬಾಗಿಲು. ಕಾಸರಗೋಡು, ಕಾಞಂಗಾಡು, ನೀಲೇಶ್ವರಗಳಲ್ಲಿ ನಗರಸಭೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮಧೂರು ಮುಂತಾದ ಕಡೆ ಗ್ರಾಮ ಪಂಚಾಯತು. ದೂರನ್ನು ಬರೆಯಬೇಕಾದದ್ದು ಕಾರ್ಯದರ್ಶಿಗೆ, ಅಧ್ಯಕ್ಷರಿಗಲ್ಲ. ನೋಟಿಸು ಕೊಡುವ ಅಧಿಕಾರ ಇರುವುದು ಕಾರ್ಯದರ್ಶಿಗೆ. ಅಧ್ಯಕ್ಷರಿಗೆ ಒಂದು ಪ್ರತಿ ಕೊಟ್ಟರೆ ಸಾಕು. ನಗರಸಭೆಯಲ್ಲಿ ಪರವಾನಗಿ ನೋಡುವುದು ಎಂಜಿನಿಯರಿಂಗ್ ವಿಭಾಗ, ರಸ್ತೆಬದಿ ಸುರಿದ ಕಟ್ಟಡದ ಅವಶೇಷ ನೋಡುವುದು ಆರೋಗ್ಯ ವಿಭಾಗ. ಎರಡೂ ತೊಂದರೆ ಇದ್ದರೆ ಒಂದೇ ಅರ್ಜಿಯಲ್ಲಿ ಬೇರೆ ಬೇರೆ ಪ್ಯಾರಾ ಮಾಡಿ ಬರೆಯಿರಿ.

ರಾಷ್ಟ್ರೀಯ ಹೆದ್ದಾರಿ 66 ಆದರೆ ಹೆದ್ದಾರಿ ಪ್ರಾಧಿಕಾರ. ಚೆರ್ಕಳ–ಕಲ್ಲಡ್ಕದಂತಹ ರಾಜ್ಯ ರಸ್ತೆಗೆ ಲೋಕೋಪಯೋಗಿ ಇಲಾಖೆ. ಅವರ ‘ಪಿಡಬ್ಲ್ಯುಡಿ ಫೋರ್ ಯು’ ಆ್ಯಪಿನಲ್ಲಿ ಫೋಟೋ ಹಾಕಬಹುದು. ನಂದರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯ ಮಾತನ್ನೂ ಇದೇ ಇಲಾಖೆಯಿಂದ ಶುರು ಮಾಡಿ. ಪೈಪಿಗೆ ಅಗೆದ ಹೊಂಡದ ಮಣ್ಣು ಹಾರುತ್ತಿದ್ದರೆ ಸಾಮಾನ್ಯವಾಗಿ ಅದು ಜಲ ಪ್ರಾಧಿಕಾರದ ಕೆಲಸ. ರಸ್ತೆ ಪಂಚಾಯತಿನದ್ದಾದರೆ ಇಬ್ಬರಿಗೂ ಬರೆಯಿರಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾ ಮಳೆಗಾಲ ಬಂದುಬಿಡುತ್ತದೆ.

ಜಲ್ಲಿ ಕ್ರಷರ್, ಕಾಂಕ್ರೀಟ್ ಮಿಕ್ಸಿಂಗ್ ಪ್ಲಾಂಟ್, ಡಾಮರು ಪ್ಲಾಂಟ್‌ಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಆದ್ದರಿಂದ ಅವುಗಳ ಬಗ್ಗೆ ಮಂಡಳಿಯ ಜಿಲ್ಲಾ ಕಚೇರಿಗೆ. ಗುಡ್ಡ ಕಡಿದು ಮಣ್ಣು ಸಾಗಿಸುವುದು, ಕೆಂಪುಕಲ್ಲಿನ ಕೋರೆ ಇವು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ವ್ಯಾಪ್ತಿ. ಆದರೆ ಹತ್ತಿರದಲ್ಲಿ ಸಿಗುವವರು ವಿಲ್ಲೇಜ್ ಆಫೀಸರ್. ಅನುಮತಿ ಇಲ್ಲದ ಕೆಲಸವಾದರೆ ಮೊದಲು ಅವರಿಗೇ ಹೇಳಿ.

ಮೆಂಬರಿಗೆ ಬಾಯಲ್ಲಿ ಹೇಳಿದ್ದೇನೆ, ಸಾಲದಾ?

ಹೇಳುವುದು ಒಳ್ಳೆಯದೇ, ಕೆಲವು ಸಲ ಅಷ್ಟರಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಬಾಯಿಮಾತಿಗೆ ನಂಬರ್ ಇಲ್ಲ. ಕಚೇರಿಯ ಫ್ರಂಟ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಫೈಲ್ ನಂಬರ್ ಇರುವ ರಶೀದಿ ತೆಗೆದುಕೊಳ್ಳಿ. ಸ್ಥಳೀಯ ಸಂಸ್ಥೆಗಳ ಜಾಲತಾಣ ‘ಕೆ-ಸ್ಮಾರ್ಟ್’ ಮೂಲಕ ಆನ್‌ಲೈನಿನಲ್ಲಿಯೂ ಕೊಡಬಹುದು. ಇದು ನಗರಸಭೆಗಳಲ್ಲಿ 2024ರ ಜನವರಿಯಿಂದ, ಪಂಚಾಯತುಗಳಲ್ಲಿ 2025ರಿಂದ ಇದೆ. ಆ ನಂಬರೇ ಮುಂದಿನ ಎಲ್ಲ ಹೆಜ್ಜೆಗಳ ಬುಡ.

ಕನ್ನಡದಲ್ಲಿ ಬರೆದ್ರೆ ತೆಗೆದುಕೊಳ್ತಾರಾ? ಮಲಯಾಳದಲ್ಲಿ ಬರೆದು ತನ್ನಿ ಅಂದ್ರು.

ತೆಗೆದುಕೊಳ್ಳಲೇಬೇಕು. ಸಂವಿಧಾನದ 350ನೇ ವಿಧಿ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಕೇರಳ 1969ರಲ್ಲಿ ಅಧಿಕೃತ ಭಾಷೆಯ ಕಾನೂನು ಮಾಡುವಾಗಲೂ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಆ ಭಾಷೆಯಲ್ಲಿ ಬರಬೇಕು ಎಂದು ಸೇರಿಸಿತ್ತು.

ಆದರೆ ಹಕ್ಕು ಬೇರೆ, ಕೆಲಸ ಬೇಗ ಆಗುವುದು ಬೇರೆ. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದ ಅಧಿಕಾರಿಗೆ ನಿಮ್ಮ ಎರಡು ಪುಟದ ಕನ್ನಡ ಓದಿ ಹೇಳುವವರು ಸಿಗುವವರೆಗೆ ಫೈಲು ಕದಲುವುದಿಲ್ಲ. ಹಾಗಾಗಿ ಮೂಲ ಅರ್ಜಿ ಕನ್ನಡದಲ್ಲಿರಲಿ, ಸಹಿ ಅದಕ್ಕೇ ಹಾಕಿ. ಜೊತೆಗೆ ಅರ್ಧ ಪುಟದ ಮಲಯಾಳ ಇಲ್ಲವೇ ಇಂಗ್ಲಿಷ್ ಸಾರಾಂಶ ಪಿನ್ ಮಾಡಿ. ಇದನ್ನು ಸೋಲೆಂದು ತಿಳಿಯುವವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಕನ್ನಡ ಅರ್ಜಿಯನ್ನೇ ಹಿಂದಿರುಗಿಸಿದರೆ ಮಾತ್ರ ಬಿಡಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಹಿಂದಿರುಗಿಸಿದ ವಿಷಯವನ್ನು ಜಿಲ್ಲಾಧಿಕಾರಿಗೆ ಬೇರೆಯೇ ದೂರಾಗಿ ಬರೆಯಿರಿ. ಧೂಳಿನ ದೂರಿನೊಳಗೆ ಭಾಷೆಯ ದೂರು ಬೆರೆಸಿದರೆ ಎರಡೂ ಮುಳುಗುತ್ತವೆ.

## ಬರೆಯುವಾಗ

ಏನೆಲ್ಲ ಬರೀಬೇಕು? ಒಂದು ನಮೂನೆ ಕೊಡಿ.

ಜಾಗ, ಯಾವಾಗಿನಿಂದ, ದಿನದ ಯಾವ ಹೊತ್ತು, ಧೂಳು ಎಲ್ಲಿಂದ ಏಳುತ್ತದೆ, ಯಾರಿಗೆ ತೊಂದರೆ, ಏನು ಮಾಡಿಸಬೇಕು. ಕೊನೆಯದ್ದನ್ನೇ ಹೆಚ್ಚಿನವರು ಬಿಡುತ್ತಾರೆ. "ಸೂಕ್ತ ಕ್ರಮ ಕೈಗೊಳ್ಳಬೇಕು" ಎಂದು ಬರೆದರೆ "ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂದೇ ಉತ್ತರ ಬರುತ್ತದೆ! ಹೀಗೆ ಬರೆಯಬಹುದು:

"ಕಾರ್ಯದರ್ಶಿಯವರಿಗೆ. ವಿಷಯ: ನಮ್ಮ ವಾರ್ಡಿನ ಶಾಲೆಯ ಎದುರು ನಡೆಯುವ ಕಟ್ಟಡ ಕೆಲಸದ ಧೂಳು. ಮಾನ್ಯರೇ, ಮೇಲೆ ಹೇಳಿದ ಜಾಗದಲ್ಲಿ ದೀಪಾವಳಿ ಕಳೆದಂದಿನಿಂದ ಕೆಂಪುಕಲ್ಲನ್ನು ಯಂತ್ರದಲ್ಲಿ ಬಯಲಲ್ಲೇ ಕೊಯ್ಯುತ್ತಿದ್ದಾರೆ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಧೂಳು ಶಾಲೆಯ ಜಗಲಿಗೂ ಪಕ್ಕದ ಆರು ಮನೆಗಳಿಗೂ ಬರುತ್ತಿದೆ. ಎಂ-ಸ್ಯಾಂಡ್ ರಾಶಿಯನ್ನು ರಸ್ತೆಯ ಅಂಚಿನಲ್ಲೇ ಮುಚ್ಚದೆ ಹಾಕಿದ್ದಾರೆ. ದಯವಿಟ್ಟು ಸ್ಥಳ ಪರಿಶೀಲಿಸಿ, (1) ಕಲ್ಲು ಕೊಯ್ಯುವ ಜಾಗಕ್ಕೆ ಮರೆ ಕಟ್ಟಿ ನೀರು ಹಾಕಿ ಕೊಯ್ಯುವಂತೆ, (2) ರಾಶಿಯನ್ನು ಜಾಗದೊಳಗೆ ಸರಿಸಿ ಟಾರ್ಪಾಲು ಮುಚ್ಚುವಂತೆ, (3) ರಸ್ತೆ ಬದಿಗೆ ಹಸಿರು ಬಲೆ ಕಟ್ಟುವಂತೆ ಆದೇಶಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಇಷ್ಟು ಸಾಕು. ಮಾಲೀಕನ ಜಾತಿ, ಪಕ್ಷ, ಹಳೆಯ ಗಡಿತಕರಾರು ಯಾವುದೂ ಬೇಡ.

ಫೋಟೋ ತೆಗೆದ್ರೆ ಧೂಳೇ ಕಾಣೋದಿಲ್ಲ. ಏನು ಮಾಡೋದು?

ಸೂರ್ಯ ನಿಮ್ಮ ಬೆನ್ನಿಗಿದ್ದರೆ ಧೂಳು ಕಾಣುವುದಿಲ್ಲ. ಬೆಳಕಿಗೆ ಎದುರಾಗಿ ನಿಂತು, ಹಿಂದೆ ತೋಟ ಅಥವಾ ಗೋಡೆಯಂಥ ಕಡು ಬಣ್ಣ ಇರುವಂತೆ ತೆಗೆಯಿರಿ. ಫೋಟೋಗಿಂತ ಅರ್ಧ ನಿಮಿಷದ ವಿಡಿಯೋ ಒಳ್ಳೆಯದು. ದಿನಾಂಕ, ಹೊತ್ತು, ಜಾಗ ತಾನಾಗಿ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿ. ಕಿಟಕಿಯ ದಳಿಯ ಮೇಲೆ ಬಿಳಿ ಕಾಗದ ಇಟ್ಟು, ಬೆಳಿಗ್ಗೆ ಒಂದು ಚಿತ್ರ, ಸಂಜೆ ಒಂದು ಚಿತ್ರ ತೆಗೆದರೆ ಯಾವ ಅಧಿಕಾರಿಗೂ ವಿವರಣೆ ಬೇಕಾಗುವುದಿಲ್ಲ.

ಗಾಳಿಯನ್ನೂ ಗಮನಿಸಿ. ನಮ್ಮ ಕರಾವಳಿಯಲ್ಲಿ ಒಣಗಾಲದ ಮಧ್ಯಾಹ್ನದಿಂದ ಕಡಲಗಾಳಿ ಮೂಡಣಕ್ಕೆ ಬೀಸುತ್ತದೆ, ರಾತ್ರಿ ನೆಲದಿಂದ ಕಡಲಿಗೆ ತಿರುಗುತ್ತದೆ. ಹೆದ್ದಾರಿಯ ಮೂಡಣ ಬದಿಯ ಮನೆಯವರು ಮಧ್ಯಾಹ್ನ ಒದ್ದಾಡುವಾಗ ಪಡುವಣ ಬದಿಯವರಿಗೆ ಏನೂ ಅನಿಸದಿರುವುದು ಇದಕ್ಕೇ. ಪರಿಶೀಲನೆಗೆ ಬರುವವರು ಬೆಳಿಗ್ಗೆ 10 ಗಂಟೆಗೆ ಬಂದು "ಧೂಳು ಕಾಣಲಿಲ್ಲ" ಎಂದು ಬರೆದು ಹೋಗುತ್ತಾರೆ. ಅರ್ಜಿಯಲ್ಲೇ "ಮಧ್ಯಾಹ್ನ 2ರಿಂದ 5ರ ನಡುವೆ ಪರಿಶೀಲಿಸಬೇಕು" ಎಂದು ಕೇಳಿ.

ಮೊಬೈಲಿನಲ್ಲಿ ಗಾಳಿ ಸೂಚ್ಯಂಕ 60, ಸಮಾಧಾನಕರ ಅಂತ ತೋರಿಸ್ತದೆ. ಹಾಗಾದ್ರೆ ನಮ್ಮ ದೂರು ಸುಳ್ಳಾ?

ಅಲ್ಲ. 51ರಿಂದ 100ರವರೆಗೆ ಸಮಾಧಾನಕರ ಎನ್ನುವುದು ಸರಿ, ಆದರೆ ಆ ಸಂಖ್ಯೆ ನಿಮ್ಮ ಅಂಗಳದ್ದಲ್ಲ. ಬಹಳಷ್ಟು ಆ್ಯಪುಗಳು ದೂರದ ಮಾಪನ ಕೇಂದ್ರ ಮತ್ತು ಉಪಗ್ರಹದ ಲೆಕ್ಕದಿಂದ ಅಂದಾಜು ಮಾಡುತ್ತವೆ. ರಸ್ತೆಯಿಂದ ಇಪ್ಪತ್ತು ಮೀಟರಿನ ಮನೆಯ ಧೂಳು ಅದರಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ಮಾಪಕದ ಓದೂ ಕಾನೂನಿಗೆ ಸಾಕ್ಷಿಯಾಗದು. ಅಳತೆ ಬೇಕೆಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೇ ಕೇಳಿ.

ಹೆಸರು ಹೇಳದೆ ಕೊಡಬಹುದಾ? ನೆರೆಕರೆ ಹಾಳಾಗೋದು ಬೇಡ.

ಹೆಸರಿಲ್ಲದ ಅರ್ಜಿ ಹೆಚ್ಚಾಗಿ ಹಾಗೆಯೇ ಬದಿಗೆ ಹೋಗುತ್ತದೆ. ಹೆದರಿಕೆ ಇದ್ದರೆ ಒಬ್ಬರೇ ನಿಲ್ಲಬೇಡಿ. ಕುಟುಂಬಶ್ರೀಯ ಅಯಲ್‌ಕೂಟ (ನೆರೆಕರೆಯ ಹೆಂಗಸರ ಗುಂಪು), ಯುವಕ ಸಂಘ, ಶಾಲೆಯ ರಕ್ಷಕ-ಶಿಕ್ಷಕ ಸಂಘದ ಲೆಟರ್‌ಹೆಡ್ಡಿನಲ್ಲಿ ಹತ್ತು ಸಹಿ ಹಾಕಿಸಿ. ವಾರ್ಡಿನ ಗ್ರಾಮಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಿದರೆ ಅದು ಯಾರೊಬ್ಬರ ದೂರೂ ಆಗಿ ಉಳಿಯುವುದಿಲ್ಲ. ಮನೆ ಕಟ್ಟುವವರು ನೆರೆಯವರೇ ಆದರೆ ಮೊದಲು ಒಮ್ಮೆ ಹೋಗಿ ಮಾತಾಡಿ. ಕಲ್ಲು ಕೊಯ್ಯುವವನಿಗೆ ನೀರಿನ ಪೈಪು ಕೊಡಲು ಹೇಳುವುದಕ್ಕೆ ನೋಟಿಸು ಯಾಕೆ?

ಮಗುವಿಗೆ ಕೆಮ್ಮು, ಅಮ್ಮನಿಗೆ ದಮ್ಮು. ಧೂಳಿನಿಂದಲೇ ಅಂತ ಡಾಕ್ಟರ್ ಬರೆದು ಕೊಡ್ತಾರಾ?

"ಧೂಳೇ ಕಾರಣ" ಎಂದು ಬರೆಯಲು ವೈದ್ಯರು ಹಿಂಜರಿಯುತ್ತಾರೆ, ಅದು ಸಹಜ. ಆದರೆ "ಮನೆಯ ಹತ್ತಿರ ನಿರ್ಮಾಣದ ಧೂಳಿದೆ" ಎಂದು ನೀವು ಹೇಳಿದ್ದನ್ನು ಒ.ಪಿ. ಚೀಟಿಯಲ್ಲಿ ಗುರುತಿಸಿಕೊಳ್ಳಿ ಎಂದು ಕೇಳಬಹುದು. ಚೀಟಿಗಳನ್ನು ತಾರೀಕಿನ ಕ್ರಮದಲ್ಲಿ ಇಟ್ಟುಕೊಳ್ಳಿ. ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಗೆ ಸೇರಲು ಎಷ್ಟೋ ಕುಟುಂಬಗಳು ಕಾಗದ ಹಿಡಿದು ವರ್ಷಗಟ್ಟಲೆ ಅಲೆದದ್ದನ್ನು ಕಂಡ ಜಿಲ್ಲೆ ಇದು. ಚೀಟಿಯ ಬೆಲೆ ಇಲ್ಲಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯವರೆಗೆ ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಖಗವಸು ಬೇಕಾದರೆ ಎನ್-95 ಹಾಕಿ, ಬಟ್ಟೆಯದ್ದು ನುಣ್ಣನೆ ಧೂಳನ್ನು ತಡೆಯದು.

## ಕೊಟ್ಟ ಮೇಲೆ

ದೂರು ಕೊಟ್ರೆ ಎರಡು ದಿನ ನೀರು ಹೊಡೀತಾರೆ, ಮೂರನೇ ದಿನ ಮತ್ತೆ ಅದೇ.

ಇದು ಅತಿ ಹೆಚ್ಚು ಬರುವ ದೂರು. ಮುರಮಣ್ಣಿನ ಮೇಲೆ ಬೆಳಿಗ್ಗೆ ಒಮ್ಮೆ ನೀರು ಹೊಡೆದರೆ ಮಾರ್ಚಿನ ಬಿಸಿಲಿಗೆ ಊಟದ ಹೊತ್ತಿಗೆ ಒಣಗಿರುತ್ತದೆ. ಟಿಪ್ಪರಿನ ಚಕ್ರ ಅದನ್ನು ಅರೆದು ಇನ್ನೂ ನುಣ್ಣಗೆ ಮಾಡುತ್ತದೆ. ಗುತ್ತಿಗೆದಾರರು "ನೀರಿಲ್ಲ" ಎನ್ನುತ್ತಾರೆ. ಹನ್ನೆರಡು ಹೊಳೆಗಳ ಜಿಲ್ಲೆಯಲ್ಲಿ ಏಪ್ರಿಲಿನಲ್ಲಿ ಕುಡಿಯುವ ನೀರಿಗೂ ಟ್ಯಾಂಕರ್ ಕಾಯುವವರು ನಾವು, ಹಾಗಾಗಿ ಆ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು.

ಆದ್ದರಿಂದ ಬರೀ ನೀರು ಕೇಳಬೇಡಿ. ಟಿಪ್ಪರ್ ಓಡುವ ದಾರಿಗೆ ಜಲ್ಲಿ ಹಾಸಲಿ, ಸರ್ವಿಸ್ ರಸ್ತೆಗೆ ಬೇಗ ಡಾಮರು ಹಾಕಲಿ, ಮನೆ ಮತ್ತು ಶಾಲೆಗಳ ಎದುರು ವೇಗ ಇಳಿಸಲಿ, ಕಂದಕ ಮುಚ್ಚಿ ಉಳಿದ ಮಣ್ಣನ್ನು ಎತ್ತಿಕೊಂಡು ಹೋಗಲಿ. ವೇಗ ಇಳಿಸುವುದಕ್ಕೆ ಒಂದು ಹನಿ ನೀರೂ ಬೇಡ. ನೀರು ಹೊಡೆದ, ಹೊಡೆಯದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಆ ಪುಟದ ಚಿತ್ರವನ್ನು ಮುಂದಿನ ಅರ್ಜಿಗೆ ಸೇರಿಸಿ.

ಹೆದ್ದಾರಿಯವರನ್ನು ಹಿಡಿಯೋದು ಹೇಗೆ? ಆಫೀಸೇ ಕಾಣೋದಿಲ್ಲ.

1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ಕರೆ ಮಾಡಿ ದೂರಿನ ಸಂಖ್ಯೆ ಕೇಳಿಕೊಳ್ಳಿ. ‘ರಾಜಮಾರ್ಗ ಯಾತ್ರಾ’ ಆ್ಯಪಿನಲ್ಲಿ ಜಾಗ ಗುರುತಾದ ಚಿತ್ರ ಹಾಕಬಹುದು. ಲಿಖಿತ ಉತ್ತರ ಬೇಕಿದ್ದರೆ ಕೇಂದ್ರ ಸರಕಾರದ ಕುಂದುಕೊರತೆ ಜಾಲತಾಣ ‘ಸಿಪಿಗ್ರಾಮ್ಸ್’ನಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಆರಿಸಿ ಬರೆಯಿರಿ. "ಕುಂಬಳೆ ಹತ್ತಿರ" ಎಂದರೆ ಸಾಲದು. ಮೇಲ್ಸೇತುವೆ, ಅಂಡರ್‌ಪಾಸ್ ಅಥವಾ ಕಿಲೋಮೀಟರ್ ಕಲ್ಲಿನ ಗುರುತು, ಎಡಬದಿಯೋ ಬಲಬದಿಯೋ ಎಂದು ಹೇಳಿ. ಕೆಲಸದ ಜಾಗದ ಎಂಜಿನಿಯರ್ ಜೊತೆ ಜಗಳ ಬೇಡ. ಆತ ದಿನಾ ನಿಮ್ಮ ಮನೆಮುಂದೆ ಇರುವವನು, ಎಷ್ಟೋ ಸಲ ಟ್ಯಾಂಕರ್ ಕಳಿಸುವುದೂ ಅವನೇ.

ಟಾರ್ಪಾಲು ಹಾಕದೆ ಮಣ್ಣು ಚೆಲ್ಲುತ್ತಾ ಹೋಗೋ ಲಾರಿಗೆ?

ನಂಬರ್ ಪ್ಲೇಟ್ ಕಾಣುವಂತೆ ವಿಡಿಯೋ ಮಾಡಿ ಮೋಟಾರು ವಾಹನ ಇಲಾಖೆಗೂ ಪೊಲೀಸ್ ಠಾಣೆಗೂ ಕಳಿಸಿ. ಕೆಎಲ್-14, ಕೆಎಲ್-60 ಮಾತ್ರವಲ್ಲ, ಕೆಎ-19, ಕೆಎ-21 ಗಾಡಿಗಳೂ ಇಲ್ಲಿ ಓಡುತ್ತವೆ. ತಪ್ಪು ನಡೆದದ್ದು ಕೇರಳದ ರಸ್ತೆಯಲ್ಲಾದರೆ ಇಲ್ಲಿಯ ಇಲಾಖೆಯೇ ಕ್ರಮ ತೆಗೆದುಕೊಳ್ಳಬಹುದು. ಓಡುವ ಲಾರಿಯನ್ನು ಅಡ್ಡಗಟ್ಟಲು ಹೋಗಬೇಡಿ.

ತಿಂಗಳಾಯ್ತು, ಉತ್ತರವೇ ಇಲ್ಲ.

ಮೊದಲು ಫೈಲ್ ನಂಬರ್ ಹಾಕಿ ಒಂದು ಜ್ಞಾಪನ ಪತ್ರ. ಅದಕ್ಕೂ ಸುದ್ದಿ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ: 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪು ಅಂಟಿಸಿದರೆ ಆಯಿತು, 30 ದಿನದೊಳಗೆ ಉತ್ತರ ಬರಬೇಕು. "ಯಾಕೆ ಕ್ರಮ ಇಲ್ಲ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಪ್ಪಿಸಿಕೊಳ್ಳುತ್ತಾರೆ. ಕಾಗದ ಕೇಳಿ: ನನ್ನ ಅರ್ಜಿಯ ಮೇಲೆ ಬರೆದ ಟಿಪ್ಪಣಿಗಳ ಪ್ರತಿ, ಸ್ಥಳ ಪರಿಶೀಲನಾ ವರದಿಯ ಪ್ರತಿ, ಕೊಟ್ಟ ನೋಟಿಸಿನ ಪ್ರತಿ. ಪರಿಶೀಲನೆಯೇ ಆಗದಿದ್ದರೆ ಈ ಅರ್ಜಿ ಬಂದ ಮೇಲೆ ಜೀಪು ಹೊರಡುವುದುಂಟು.

ಜೂನಿನಲ್ಲಿ ಮಳೆ ಬಂದ್ರೆ ಎಲ್ಲ ಸರಿಯಾಗ್ತದೆ. ಯಾಕಿಷ್ಟು ತಲೆಬಿಸಿ?

ಧೂಳು ಕೆಸರಾಗುತ್ತದೆ, ಅಷ್ಟೆ. ಮುಚ್ಚದ ಮಣ್ಣಿನ ರಾಶಿ ಮಳೆಗೆ ತೊಳೆದು ಚರಂಡಿಗೂ ಬಾವಿಗೂ ಇಳಿಯುತ್ತದೆ, ಉಳಿದದ್ದು ಮುಂದಿನ ತುಲಾ ಮಾಸ ಕಳೆದ ಮೇಲೆ ಮತ್ತೆ ಹಾರುತ್ತದೆ. ಮೇ ತಿಂಗಳಲ್ಲಿ ಕೊಡುವ ದೂರಿಗೆ ‘ಮಳೆ ಬರಲಿ’ ಎನ್ನುವುದೇ ಉತ್ತರ, ನವೆಂಬರಿನಲ್ಲೇ ಕೊಡಿ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಆರ್‌ಡಿಓಗೆ ಕೊಟ್ರೆ ಕೆಲಸ ಆಗ್ತದೆ ಅಂತಾರೆ, ಹೌದಾ?

ಸಾರ್ವಜನಿಕ ಉಪದ್ರವಕ್ಕೆ ಅದೊಂದು ಗಟ್ಟಿ ದಾರಿ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ರಲ್ಲಿದೆ. ಜನರ ಆರೋಗ್ಯಕ್ಕೆ ಅಥವಾ ನೆಮ್ಮದಿಗೆ ತೊಂದರೆ ಕೊಡುವ ಕೆಲಸವನ್ನು ನಿಲ್ಲಿಸಲು ಇಲ್ಲವೇ ಹತೋಟಿಯಲ್ಲಿಡಲು ಉಪವಿಭಾಗ ದಂಡಾಧಿಕಾರಿ, ಅಂದರೆ ಆರ್‌ಡಿಓ (ಕಂದಾಯ ವಿಭಾಗಾಧಿಕಾರಿ), ಷರತ್ತಿನ ಆದೇಶ ಕೊಡಬಹುದು; ಎದುರು ಪಕ್ಷ ಬಂದು ಕಾರಣ ಹೇಳಬೇಕು. ಇಲ್ಲಿ ತೊಂದರೆ ಒಂದು ಮನೆಯದ್ದಾದರೆ ಸಾಲದು, ಸುತ್ತಲಿನ ಜನರದ್ದಾಗಿರಬೇಕು. ಕಾರ್ಯದರ್ಶಿಗೆ ಕೊಟ್ಟ ಅರ್ಜಿಯ ರಶೀದಿ, ಜ್ಞಾಪನ ಪತ್ರ, ಹತ್ತು ಮನೆಯ ಸಹಿ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಅಂಗಳದಲ್ಲಿ ಹಾಕಿದ ಅಡಿಕೆಗೆ ಕೆಂಪು ಧೂಳು ಕೂತು ದರ ಇಳಿಯಿತು. ಪರಿಹಾರ ಉಂಟಾ?

ಪಂಚಾಯತು ಪರಿಹಾರ ಕೊಡುವುದಿಲ್ಲ, ಕೊಡಿಸಲೂ ಅದಕ್ಕೆ ಅಧಿಕಾರವಿಲ್ಲ. ಆದರೆ ನಷ್ಟವನ್ನು ಈಗಲೇ ದಾಖಲೆ ಮಾಡಿಟ್ಟರೆ ಮುಂದೆ ದಾರಿ ಇದೆ. ಕೃಷಿಭವನಕ್ಕೆ ಅರ್ಜಿ ಕೊಟ್ಟು ಕೃಷಿ ಅಧಿಕಾರಿ ಬಂದು ನೋಡಿ ವರದಿ ಬರೆಯುವಂತೆ ಕೇಳಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದಲ್ಲಾಗಲಿ ವ್ಯಾಪಾರಿಯಲ್ಲಾಗಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಟ್ಟ ಬಿಲ್ಲಿನಲ್ಲಿ ದರ್ಜೆ ಬರೆಸಿ. ಹಿಂದಿನ ವರ್ಷದ ಬಿಲ್ಲು, ಅದೇ ವಾರದ ಮಾರುಕಟ್ಟೆ ದರದ ಪತ್ರಿಕೆ ತುಣುಕು ಜೊತೆಗಿಡಿ. ಧೂಳು ಕೂತ ಅಡಿಕೆಯ ಮಾದರಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿಡಿ.

ಸಣ್ಣ ಮೊತ್ತವಾದರೆ ಗುತ್ತಿಗೆದಾರರ ಜೊತೆ ಮಾತುಕತೆಯೇ ಲಾಭ. ನಗದು ಕೊಡದಿದ್ದರೂ ಅಂಗಳದ ಬದಿಗೆ ಶೀಟು ಕಟ್ಟಿಸಿಕೊಡಲು ಒಪ್ಪಬಹುದು. ದೊಡ್ಡದಾದರೆ ಸಿವಿಲ್ ನ್ಯಾಯಾಲಯ ಇಲ್ಲವೇ ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ.

ಹಸಿರು ನ್ಯಾಯಮಂಡಳಿಗೆ ನಮ್ಮಂಥವರು ಹೋಗ್ಲಿಕ್ಕೆ ಆಗ್ತದಾ?

ಆಗುತ್ತದೆ. ನಮ್ಮ ಭಾಗಕ್ಕೆ ಚೆನ್ನೈಯ ದಕ್ಷಿಣ ಪೀಠ. ಪರಿಹಾರ ಕೇಳದ ಅರ್ಜಿಗೆ 1000 ರೂಪಾಯಿ ಶುಲ್ಕ. ಪರಿಹಾರ ಕೇಳಿದರೆ ಆ ಮೊತ್ತದ ನೂರಕ್ಕೆ 1, ಕನಿಷ್ಠ 1000. ಆನ್‌ಲೈನಿನಲ್ಲಿ ಸಲ್ಲಿಸಬಹುದು, ವಕೀಲರಿಲ್ಲದೆ ತಾನೇ ವಾದಿಸಲೂ ಬಹುದು. ಅವಧಿಯನ್ನು ಮರೆಯಬೇಡಿ: ತೊಂದರೆ ಶುರುವಾದ ಆರು ತಿಂಗಳೊಳಗೆ, ಪರಿಹಾರದ ಅರ್ಜಿಗೆ ಐದು ವರ್ಷ. ಅಲ್ಲಿಯ ಕಾಗದಪತ್ರ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ವಕೀಲರ ಖರ್ಚಿನ ಚಿಂತೆ ಇದ್ದರೆ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಮನೆಯ ಅರ್ಜಿ ಮನೆಯಾಕೆಯ ಹೆಸರಿನಲ್ಲಿರಲಿ.

ನಮ್ಮ ಮನೆ ಪೆರ್ಲದ ಬದಿ, ಧೂಳೆಬ್ಬಿಸೋ ಕ್ರಷರ್ ಗಡಿ ಆಚೆ ಕರ್ನಾಟಕದಲ್ಲಿ. ಯಾರನ್ನು ಕೇಳೋದು?

ಕ್ರಷರ್ ಯಾವ ರಾಜ್ಯದ ನೆಲದಲ್ಲಿದೆಯೋ ಆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ. ಮಂಗಳೂರಿನ ಪ್ರಾದೇಶಿಕ ಕಚೇರಿಗೆ ಕನ್ನಡದಲ್ಲೇ ಬರೆಯಿರಿ, ಒಂದು ಪ್ರತಿ ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗೆ. ಆದರೆ ನಿಮ್ಮ ಮನೆ ಕೇರಳದಲ್ಲಿರುವುದರಿಂದ ತೊಂದರೆಯ ದಾಖಲೆ ಇಲ್ಲಿಯೇ ಆಗಬೇಕು: ವಿಲ್ಲೇಜ್ ಆಫೀಸರ್ ವರದಿ, ಕಾಸರಗೋಡು ಜಿಲ್ಲಾಧಿಕಾರಿಗೆ ಅರ್ಜಿ. ಎರಡು ಜಿಲ್ಲಾಡಳಿತಗಳು ಪರಸ್ಪರ ಪತ್ರ ಬರೆಯುವುದು ನಿಧಾನ. ಚೆನ್ನೈಯ ಪೀಠಕ್ಕೆ ಮಾತ್ರ ಎರಡೂ ರಾಜ್ಯಗಳ ಮೇಲೆ ಅಧಿಕಾರವಿದೆ, ಗಡಿಯವರಿಗೆ ಅದೊಂದು ಅನುಕೂಲ.

ದೊಡ್ಡ ಯೋಜನೆಯವರು ‘ನಮಗೆ ಎಲ್ಲ ಕ್ಲಿಯರೆನ್ಸ್ ಉಂಟು’ ಅಂತಾರೆ. ಮತ್ತೆ ಏನು ಮಾಡೋದು?

ಒಳ್ಳೆಯದಾಯಿತು, ಆ ಕ್ಲಿಯರೆನ್ಸನ್ನೇ ಓದಿ. 20,000 ಚದರ ಮೀಟರ್ ಅಥವಾ ಹೆಚ್ಚು ಕಟ್ಟಡದ ಯೋಜನೆಗಳಿಗೂ ದೊಡ್ಡ ಹೆದ್ದಾರಿ ಯೋಜನೆಗಳಿಗೂ ಪರಿಸರದ ಮೇಲಿನ ಪರಿಣಾಮ ಅಳೆಯುವ ಬಗೆಗಿನ 2006ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅನುಮತಿ ಪತ್ರ ‘ಪರಿವೇಶ್’ ಜಾಲತಾಣದಲ್ಲಿ ಸಿಗುತ್ತದೆ; ಧೂಳಿನ ಬಗ್ಗೆ ಹಾಕಿದ ಷರತ್ತುಗಳು ಅದರಲ್ಲೇ ಇರುತ್ತವೆ. ಷರತ್ತು ಪಾಲಿಸಿದ ಬಗ್ಗೆ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿಯನ್ನೂ ಸಲ್ಲಿಸಬೇಕು. ಆ ವರದಿಯಲ್ಲಿ "ನಿಯಮಿತವಾಗಿ ನೀರು ಸಿಂಪಡಿಸಲಾಗುತ್ತಿದೆ" ಎಂಬ ಸಾಲು ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಅದೇ ತಿಂಗಳ ನಿಮ್ಮ ಕ್ಯಾಲೆಂಡರ್ ಪುಟ ಇಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಗೂ ಅನುಮತಿ ಕೊಟ್ಟ ಪ್ರಾಧಿಕಾರಕ್ಕೂ ಕಳಿಸಿ. ಧೂಳಿದೆ ಎಂಬ ಅರ್ಜಿಗಿಂತ, ಸರಕಾರಕ್ಕೆ ಸುಳ್ಳು ವರದಿ ಹೋಗಿದೆ ಎಂಬ ಅರ್ಜಿಗೆ ಬೇಗ ಉತ್ತರ ಬರುತ್ತದೆ.